ಡೀಡ್ ಪೋಲ್: ಹೆಸರು ಬದಲಿಸುವ ಪತ್ರ, ಅದರ ಹುಟ್ಟು ಮತ್ತು ಕನ್ನಡನಾಡಿನ ರೂಢಿ

ಒಬ್ಬರೇ ಬರೆದು, ಸಾಕ್ಷಿಗಳ ಎದುರು ಸಹಿ ಹಾಕಿ, ಅದರಲ್ಲಿ ಹೇಳಿದ್ದಕ್ಕೆ ತಾವೊಬ್ಬರೇ ಬದ್ಧರಾಗುವ ಪತ್ರಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಡೀಡ್ ಪೋಲ್ ಎಂದು ಹೆಸರು. ಕ್ರಯಪತ್ರದಲ್ಲಿ ಕೊಡುವವರು, ಕೊಳ್ಳುವವರು ಎಂದು ಎರಡು ಕಡೆಯವರಿರುತ್ತಾರೆ. ವಿಭಾಗಪತ್ರದಲ್ಲಿ ಅಣ್ಣತಮ್ಮಂದಿರೆಲ್ಲ ಇರುತ್ತಾರೆ. ಡೀಡ್ ಪೋಲ್‌ನಲ್ಲಿ ಇರುವುದು ಒಂದೇ ಕಡೆ. ಯಾರೊಡನೆಯೂ ಒಪ್ಪಂದವಿಲ್ಲ, ಲೋಕಕ್ಕೆಲ್ಲ ಒಂದು ಘೋಷಣೆ ಇದೆ. ಈ ಬಗೆಯ ಪತ್ರ ಹಲವು ಕೆಲಸಗಳಿಗೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಷೇರುದಾರರಿಗೆ ಮಾತು ಕೊಡಲು ಇದನ್ನೇ ಬರೆಯುತ್ತದೆ. ಆದರೆ ಜನರ ಬಾಯಲ್ಲಿ ಡೀಡ್ ಪೋಲ್ ಎಂದರೆ ಹೆಸರು ಬದಲಿಸಿಕೊಳ್ಳುವ ಪತ್ರವೇ.

ಕರ್ನಾಟಕದಲ್ಲಿ ಈ ಪದ ತಿಳಿದಿರುವವರು ಕೇಂದ್ರ ಸರ್ಕಾರಿ ನೌಕರರು, ಪಾಸ್‌ಪೋರ್ಟ್ ಕೆಲಸ ಮಾಡಿಸುವವರು, ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು. ಉಳಿದವರಿಗೆ ಅದು ಅಫಿಡವಿಟ್ಟು, ನೋಟರಿ, ಪೇಪರ್ ಜಾಹೀರಾತು, ಗೆಜೆಟ್ ಎಂಬ ನಾಲ್ಕು ಓಡಾಟಗಳ ಒಟ್ಟು ಹೆಸರು. ಚಾಮರಾಜನಗರ, ಗುಂಡ್ಲುಪೇಟೆ, ಸಂತೆಮರಹಳ್ಳಿಯ ಸೀಮೆಯಲ್ಲಿ ಈ ಓಡಾಟ ಮಾಡುವವರಲ್ಲಿ ಹೊಸ ಹೆಸರು ಬೇಕೆಂದು ಬಂದವರಿಗಿಂತ, ಇರುವ ಒಂದೇ ಹೆಸರು ನಾಲ್ಕು ಕಾಗದದಲ್ಲಿ ನಾಲ್ಕು ಬಗೆಯಾಗಿ ಕೂತಿರುವುದರಿಂದ ಬಂದವರೇ ಹೆಚ್ಚು. ಆದ್ದರಿಂದ ಈ ಪತ್ರದ ಕಥೆಯನ್ನು ಲಂಡನ್ನಿನಿಂದ ಶುರುಮಾಡಿದರೂ ಮುಗಿಸಬೇಕಾದದ್ದು ಇಲ್ಲಿಯೇ.

ಪದದ ಹುಟ್ಟು

ಪೋಲ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ತಲೆ, ಮುಖ್ಯವಾಗಿ ಕೂದಲಿರುವ ನೆತ್ತಿ. ಅದೇ ಕ್ರಿಯಾಪದವಾದಾಗ ಕೂದಲು ಕತ್ತರಿಸು, ಮಟ್ಟ ಮಾಡು ಎಂಬ ಅರ್ಥ ಬಂತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪತ್ರಗಳನ್ನು ಹದ ಮಾಡಿದ ಚರ್ಮದ ಹಾಳೆಯ ಮೇಲೆ ಬರೆಯುತ್ತಿದ್ದರು. ಎರಡು ಕಡೆಯವರ ಒಪ್ಪಂದವಾದರೆ ಒಂದೇ ಹಾಳೆಯ ಮೇಲೆ ಎರಡು ಪ್ರತಿ ಬರೆದು, ನಡುವೆ ಗರಗಸದ ಹಲ್ಲಿನ ಹಾಗೆ ಡೊಂಕುಡೊಂಕಾಗಿ ಕತ್ತರಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಿದ್ದರು. ಮುಂದೆ ತಕರಾರು ಬಂದರೆ ಎರಡು ತುಂಡುಗಳ ಹಲ್ಲು ಕೂಡಬೇಕು. ಕೂಡದಿದ್ದರೆ ಒಂದು ಖೋಟಾ. ಹಲ್ಲಿನ ಅಂಚಿನ ಈ ಪತ್ರಕ್ಕೆ ಇಂಡೆಂಚರ್ ಎಂಬ ಹೆಸರು ಬಂದದ್ದು ಹಲ್ಲು ಎಂಬರ್ಥದ ಲ್ಯಾಟಿನ್ ಮೂಲದಿಂದ. ಒಬ್ಬರೇ ಬರೆಯುವ ಪತ್ರಕ್ಕೆ ಜೋಡಿ ತುಂಡು ಬೇಕಿರಲಿಲ್ಲ. ಅದರ ಅಂಚನ್ನು ನೇರವಾಗಿ ಕತ್ತರಿಸಿ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟ ತಲೆಯ ಹಾಗೆ ನುಣ್ಣಗೆ ಮಾಡಿ ಬಿಡುತ್ತಿದ್ದರು. ಅದು ಡೀಡ್ ಪೋಲ್.

ಎರಡು ಪದಗಳೂ ಚರ್ಮದ ಹಾಳೆಯನ್ನು ಬಿಟ್ಟು ಬಹುದೂರ ಬಂದಿವೆ. ಇಂಡೆಂಚರ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಮಾರಿಷಸ್, ಫಿಜಿ, ನಟಾಲ್‌ಗಳ ಕಬ್ಬಿನ ತೋಟಗಳಿಗೆ ಹಡಗು ಹತ್ತಿದ ಭಾರತೀಯ ಕೂಲಿಕಾರರಿಂದ ಆ ಪದಕ್ಕೆ ಇನ್ನೊಂದು ಚರಿತ್ರೆಯೇ ಸೇರಿಕೊಂಡಿತು. ಪೋಲ್ ಎಂಬುದು ತಲೆ ಎಣಿಸುವ ಕೆಲಸಕ್ಕೆ ಹೋಗಿ ಚುನಾವಣೆಯ ಪೋಲಿಂಗ್ ಆಯಿತು, ತಲೆಗಂದಾಯದ ಇಂಗ್ಲಿಷ್ ಹೆಸರಿನಲ್ಲೂ ಉಳಿಯಿತು. ತಲೆ ಎಣಿಕೆಯ ಬೆಲೆ ಏನೆಂಬುದನ್ನು ಸಂತೆಮರಹಳ್ಳಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಮೀಸಲು ಕ್ಷೇತ್ರದಿಂದ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. 40,752ಕ್ಕೆ ಎದುರು 40,751. ಮತದಾರರ ಪಟ್ಟಿಯಲ್ಲಿ ಹೆಸರಿನ ಸಣ್ಣಪುಟ್ಟ ಬರಹದ ತಪ್ಪಿದ್ದರೂ ಗುರುತು ಖಚಿತವಾದರೆ ಮತ ಹಾಕಲು ಬಿಡಬೇಕೆಂದು ಚುನಾವಣಾ ಆಯೋಗ ಹೇಳುತ್ತದೆ. ಅಂಥ ನಿಯಮದ ತೂಕ ತಿಳಿಯುವುದು ಇಂಥ ಎಣಿಕೆಯಲ್ಲಿ. ಆ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಹೆಸರು ಸಮೇತ ಇಲ್ಲವಾಯಿತು.

ಇಂಗ್ಲೆಂಡಿನ ರೀತಿ

ಇಂಗ್ಲೆಂಡಿನ ಕಾಮನ್ ಲಾ ಹೆಸರಿನ ವಿಷಯದಲ್ಲಿ ಬಹಳ ಉದಾರಿ. ಮೋಸದ ಉದ್ದೇಶವಿಲ್ಲದಿದ್ದರೆ ಯಾರು ಬೇಕಾದರೂ ಯಾವ ಮನೆತನದ ಹೆಸರನ್ನಾದರೂ ಇಟ್ಟುಕೊಳ್ಳಬಹುದು. ಇಟ್ಟುಕೊಂಡು ಬಳಸುತ್ತ ಹೋದರೆ ಅದೇ ಅವರ ಹೆಸರು. ಡೀಡ್ ಪೋಲ್ ಹೆಸರನ್ನು ಬದಲಿಸುವುದಿಲ್ಲ, ಬದಲಾದದ್ದಕ್ಕೆ ಪುರಾವೆ ಒದಗಿಸುತ್ತದೆ, ಅಷ್ಟೆ. ಇದನ್ನು ಅಲ್ಲಿನವರೂ ಎಷ್ಟೋ ಸಲ ತಪ್ಪು ತಿಳಿಯುತ್ತಾರೆ.

ಆಸ್ತಿಯಿದ್ದವರಿಗೆ ಇಷ್ಟು ಸಾಲುತ್ತಿರಲಿಲ್ಲ. ದೂರದ ಬಂಧು ಉಯಿಲು ಬರೆಯುವಾಗ ‘ನನ್ನ ಹೆಸರು ಇಟ್ಟುಕೊಂಡರೆ ಮಾತ್ರ ನನ್ನ ಜಮೀನು’ ಎಂಬ ಷರತ್ತು ಹಾಕುವುದು ಅಲ್ಲಿ ಸಾಮಾನ್ಯವಾಗಿತ್ತು. ಅಂಥವರು ಅರಸನ ಪರವಾನಗಿ ಪಡೆಯುತ್ತಿದ್ದರು, ಇಲ್ಲವೇ ಪಾರ್ಲಿಮೆಂಟಿನಲ್ಲಿ ತಮ್ಮೊಬ್ಬರಿಗಾಗಿ ಒಂದು ಕಾಯ್ದೆಯನ್ನೇ ಮಾಡಿಸುತ್ತಿದ್ದರು. ಎರಡಕ್ಕೂ ದುಡ್ಡು ಬೇಕು. 19ನೆಯ ಶತಮಾನದಲ್ಲಿ ಮಧ್ಯಮವರ್ಗದವರು ಅಗ್ಗದ ದಾರಿಯಾಗಿ ಡೀಡ್ ಪೋಲ್ ಹಿಡಿದರು. ಪತ್ರ ಕಳೆದುಹೋಗದಿರಲೆಂದು ಅದನ್ನು ಲಂಡನ್ನಿನ ಉಚ್ಚ ನ್ಯಾಯಾಲಯದ ದಾಖಲೆಯಲ್ಲಿ ಸೇರಿಸುವ ಪದ್ಧತಿಯಿತ್ತು. 1914ರಿಂದ ಹಾಗೆ ಸೇರಿಸಿದ ಪತ್ರಗಳ ಸಂಗತಿಯನ್ನು ಲಂಡನ್ ಗೆಜೆಟ್‌ನಲ್ಲಿ ಪ್ರಕಟಿಸುವುದು ಕಡ್ಡಾಯವಾಯಿತು. ದಾಖಲೆಗೆ ಸೇರಿಸುವುದು ಇಂದಿಗೂ ಐಚ್ಛಿಕ. ಸಾಕ್ಷಿಯ ಎದುರು ಸಹಿ ಹಾಕಿ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೂ ಪತ್ರ ಪತ್ರವೇ.

ಈ ಉದಾರತೆ ಯುದ್ಧಕಾಲದಲ್ಲಿ ಮುದುಡಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಧ್ವನಿಯ ಹೆಸರಿದ್ದವರ ಅಂಗಡಿಗಳಿಗೆ ಕಲ್ಲು ಬಿದ್ದವು. ಜನ ಅವಸರದಲ್ಲಿ ಹೆಸರು ಬದಲಿಸತೊಡಗಿದರು. ಆಗ ಸರ್ಕಾರ ಪರದೇಶೀಯರು ಹೆಸರು ಬದಲಿಸದಂತೆ ತಡೆ ಹಾಕಿತು, 1919ರ ಕಾಯ್ದೆಯಲ್ಲಿ ಅದನ್ನು ಮುಂದುವರಿಸಿತು. ಆ ತಡೆ ಹೋದದ್ದು 1971ರಲ್ಲಿ. ಇತ್ತ ಪರದೇಶದ ಬಡಪಾಯಿಗೆ ತಡೆ ಹಾಕಿದ ಅರಸೊತ್ತಿಗೆಯೇ 1917ರ ಜುಲೈ 17ರಂದು ಒಂದು ಘೋಷಣೆ ಹೊರಡಿಸಿ, ತನ್ನ ಜರ್ಮನ್ ಹೆಸರನ್ನು ಕಳಚಿ ವಿಂಡ್ಸರ್ ಆಯಿತು. ಅದೇ ವರ್ಷ ಬ್ಯಾಟನ್‌ಬರ್ಗ್ ಮನೆತನ ಮೌಂಟ್‌ಬ್ಯಾಟನ್ ಆಯಿತು. ಮುಂದೆ ಭಾರತಕ್ಕೆ ಕೊನೆಯ ವೈಸರಾಯ್ ಆಗಿ ಬಂದವರು ಆ ಮನೆಯವರೇ.

ಇನ್ನೊಂದು ತೊಡಕು ಚರ್ಚಿನದು. ಹಳೆಯ ಇಂಗ್ಲಿಷ್ ನ್ಯಾಯಶಾಸ್ತ್ರದಲ್ಲಿ ಮನೆತನದ ಹೆಸರು ಸಡಿಲ, ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಗಟ್ಟಿ. ದೀಕ್ಷಾಸ್ನಾನದ ಹೆಸರನ್ನು ಡೀಡ್ ಪೋಲ್‌ನಿಂದ ಬದಲಿಸಲಾಗದು ಎಂದು 1946ರಷ್ಟು ಈಚೆಗೆ ಒಬ್ಬ ನ್ಯಾಯಾಧೀಶರು ತೀರ್ಪು ಕೊಟ್ಟಿದ್ದರು. ವ್ಯವಹಾರದಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಹಾಡುಗಾರ ಎಲ್ಟನ್ ಜಾನ್ ಹೊಸ ಹೆಸರನ್ನು 1972ರಲ್ಲಿ ಕಾನೂನುಬದ್ಧ ಮಾಡಿಕೊಂಡಾಗ ಬದಲಿಸಿದ್ದು ಮೊದಲ ಹೆಸರು, ಮನೆತನದ ಹೆಸರು ಎರಡನ್ನೂ. ಆದರೂ ಈ ಹಿನ್ನೆಲೆ ನೆನಪಿನಲ್ಲಿರಬೇಕು. ಡೀಡ್ ಪೋಲ್‌ನ ಒಕ್ಕಣೆ ಮೂಲತಃ ಮನೆತನದ ಹೆಸರಿಗೆ ಹೊಲಿದ ಅಂಗಿ. ಹಳೇ ಮೈಸೂರಿನಲ್ಲಿ ಆ ಹೆಸರೇ ಇಲ್ಲದವರು ಬಹಳ.

ಭಾರತಕ್ಕೆ ಬಂದಾಗ

ಹೆಸರು ಬದಲಾವಣೆಗೆಂದೇ ಭಾರತದಲ್ಲಿ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ಬೆಳೆದುಬಂದ ರೂಢಿ ಹೀಗಿದೆ: ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿ ನೋಟರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡುವುದು, ಪತ್ರಿಕೆಗಳಲ್ಲಿ ಜಾಹೀರಾತು ಕೊಡುವುದು, ಬೇಕಿದ್ದಲ್ಲಿ ರಾಜ್ಯಪತ್ರದಲ್ಲೋ ಭಾರತ ಗೆಜೆಟ್‌ನಲ್ಲೋ ಪ್ರಕಟಿಸುವುದು. ಕರ್ನಾಟಕದಲ್ಲಿ ಅಫಿಡವಿಟ್ಟಿನ ಮುದ್ರಾಂಕ ಶುಲ್ಕ ಬಹುಕಾಲ 20 ರೂಪಾಯಿ ಇದ್ದದ್ದು 2024ರ ಫೆಬ್ರವರಿಯಲ್ಲಿ 100 ರೂಪಾಯಿ ಆಯಿತು.

ಡೀಡ್ ಪೋಲ್ ತನ್ನ ಮೂಲರೂಪದಲ್ಲಿ ಉಳಿದುಕೊಂಡಿರುವುದು ಕೇಂದ್ರ ಸರ್ಕಾರಿ ನೌಕರರ ವಿಷಯದಲ್ಲಿ. 1987ರ ಒಂದು ಕಚೇರಿ ಸೂಚನೆಯಂತೆ ಹೆಸರು ಬದಲಿಸಲಿಚ್ಛಿಸುವ ನೌಕರ ಇಬ್ಬರು ಸಾಕ್ಷಿಗಳೊಡನೆ ಔಪಚಾರಿಕ ಪತ್ರ ಮಾಡಬೇಕು, ಸ್ಥಳೀಯ ಪತ್ರಿಕೆಯಲ್ಲೂ ಭಾರತ ಗೆಜೆಟ್‌ನಲ್ಲೂ ತನ್ನ ಖರ್ಚಿನಲ್ಲಿ ಪ್ರಕಟಿಸಬೇಕು. ಪತ್ರದ ಭಾಷೆ ನೇರವಾಗಿ ಇಂಗ್ಲೆಂಡಿನದೇ: ಹಳೆಯ ಹೆಸರನ್ನು ಸಂಪೂರ್ಣ ತ್ಯಜಿಸಿದ್ದೇನೆ, ಬಿಟ್ಟುಕೊಟ್ಟಿದ್ದೇನೆ, ಇನ್ನು ಮುಂದೆ ಎಲ್ಲ ವ್ಯವಹಾರದಲ್ಲೂ ಹೊಸದನ್ನೇ ಬಳಸುತ್ತೇನೆ ಎಂದು.

ಹಳೆಯದನ್ನು ಸಂಪೂರ್ಣ ಬಿಡುವ ಈ ಪತ್ರದ ಮಾತಿಗೂ ನಮ್ಮ ಕಚೇರಿಗಳ ಸ್ವಭಾವಕ್ಕೂ ಹೊಂದಿಕೆಯಿಲ್ಲ. ತಾಲ್ಲೂಕು ಕಚೇರಿಯ ಹಳೆಯ ಕಡತ ಬಿಚ್ಚಿದರೆ ಕಾಣುವುದು ಇನ್ನೊಂದೇ ಮಾತು: ಉರುಫ್. ‘ಮಾದಪ್ಪ ಉರುಫ್ ಮಹದೇವಪ್ಪ ಬಿನ್ ಸಿದ್ದಪ್ಪ’ ಎಂಬಂಥ ಬರಹ ಮೈಸೂರು ಸೀಮೆಯ ಪತ್ರಬರಹಗಾರರಿಗೆ ಉಸಿರಾಟದಷ್ಟು ಸಹಜ. ಅರಬ್ಬೀ ಮೂಲದ ಈ ಪುಟ್ಟ ಪದ ಯಾವ ಹೆಸರನ್ನೂ ತ್ಯಜಿಸುವುದಿಲ್ಲ. ಎರಡನ್ನೂ ಒಬ್ಬನ ತಲೆಗೇ ಕಟ್ಟುತ್ತದೆ. ಇಂಗ್ಲೆಂಡಿನವರು ಪತ್ರ ಬರೆದು ಹಳೆಯ ಹೆಸರಿನಿಂದ ಬಿಡುಗಡೆ ಪಡೆಯುತ್ತಾರೆ. ಇಲ್ಲಿ ಪತ್ರ ಬರೆಯುವುದು ಹಳೆಯ ಹೆಸರಿನವನೂ ತಾನೇ ಎಂದು ಸಾಬೀತು ಮಾಡಲು. ನೋಟರಿಗಳ ಮುಂದೆ ಬರುವ ಹೆಸರಿನ ಅಫಿಡವಿಟ್ಟುಗಳ ತಿರುಳೂ ಬಹುಪಾಲು ಇದೇ: ಪಹಣಿಯಲ್ಲಿರುವವನೂ ಆಧಾರ್‌ನಲ್ಲಿರುವವನೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವವನೂ ಒಬ್ಬನೇ ವ್ಯಕ್ತಿ.

ಮಾದಪ್ಪನ ಒಕ್ಕಲಿನ ಹೆಸರುಗಳು

ಈ ಅಫಿಡವಿಟ್ಟಿಗೆ ಚಾಮರಾಜನಗರ ಜಿಲ್ಲೆಯಲ್ಲಿ ವಿಶೇಷ ಗಿರಾಕಿ ಇರಲು ಕಾರಣ ಅಲ್ಲಿಯ ದೇವರುಗಳು. ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಸಿದ್ದಪ್ಪಾಜಿ, ರಾಚಪ್ಪಾಜಿ, ಬಿಳಿಗಿರಿರಂಗ, ನಂಜನಗೂಡಿನ ನಂಜುಂಡೇಶ್ವರ, ಹಿಮವದ್ ಗೋಪಾಲಸ್ವಾಮಿ. ಸೀಮೆಯ ಹೆಸರುಗಳೆಲ್ಲ ಬಹುಮಟ್ಟಿಗೆ ಇವರ ಒಕ್ಕಲು. ಒಬ್ಬ ಮಾದೇಶ್ವರನಿಂದಲೇ ಮಾದ, ಮಾದಪ್ಪ, ಮಾದೇಶ, ಮಾದೇವ, ಮಹದೇವ, ಮಹದೇವಪ್ಪ, ಮಹದೇವಯ್ಯ, ಮಹದೇವಸ್ವಾಮಿ, ಮಹದೇವಮ್ಮ ಹುಟ್ಟುತ್ತಾರೆ. ಇದರಲ್ಲಿ ಜಾತಿಯ ಏಣಿಯೂ ಇದೆ. ಒಂದು ಕಾಲಕ್ಕೆ ಮಾದ ಎಂದು ಬರೆಸಿಕೊಂಡವರ ಮೊಮ್ಮಗ ಮಹದೇವಸ್ವಾಮಿ ಆಗುವುದು ಬರಿಯ ಫ್ಯಾಷನ್ನಿನ ಮಾತಲ್ಲ. ಹೆಸರಿನ ಕೊನೆಗೆ ಅಪ್ಪ, ಅಯ್ಯ, ಸ್ವಾಮಿ ಅಂಟಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇರದ ಊರಿನಲ್ಲಿ ಆ ಅಂಟು ಒಂದು ಗಳಿಕೆ.

ಮನೆತನದ ಹೆಸರಿಲ್ಲದ ಈ ಸೀಮೆಯಲ್ಲಿ ಇನಿಷಿಯಲ್ಲು ಒಂದೋ ಎರಡೋ: ಊರಿನದು, ತಂದೆಯದು. ಶಾಲೆ, ಮತದಾರರ ಪಟ್ಟಿ, ಪಡಿತರ ಚೀಟಿ, ಪಹಣಿ ಇವುಗಳಲ್ಲಿ ಒಂದೊಂದನ್ನು ಒಬ್ಬೊಬ್ಬರು, ಒಂದೊಂದು ಕಾಲದಲ್ಲಿ, ಒಂದೊಂದು ಕಿವಿಯಿಂದ ಕೇಳಿ ಬರೆದದ್ದು. ಎಲ್ಲವೂ ಕೈಬರಹದಲ್ಲಿದ್ದಷ್ಟು ದಿನ ಇದು ಯಾರಿಗೂ ಭಾರವಾಗಿರಲಿಲ್ಲ. ಶಾನುಭೋಗನಿಗೂ, ಆಮೇಲೆ ಬಂದ ಗ್ರಾಮಲೆಕ್ಕಿಗನಿಗೂ ಆಳಿನ ಮುಖ ಗೊತ್ತಿತ್ತು. ಭೂಮಿ ಯೋಜನೆಯಲ್ಲಿ ಪಹಣಿ ಗಣಕಕ್ಕೆ ಏರಿ, ಆಮೇಲೆ ಆಧಾರ್ ಬಂದು, ಒಂದು ದಾಖಲೆಯನ್ನು ಇನ್ನೊಂದಕ್ಕೆ ಯಂತ್ರವೇ ಹೋಲಿಸಲು ಶುರುಮಾಡಿದ ಮೇಲೆ ಮಾದಪ್ಪನೂ ಮಹದೇವಪ್ಪನೂ ಇಬ್ಬರಾದರು. ಯಂತ್ರಕ್ಕೆ ಉರುಫ್ ಗೊತ್ತಿಲ್ಲ.

ಇಂಗ್ಲಿಷ್ ಕಾಗುಣಿತ ಬೇರೆ. ಕನ್ನಡದ ತಕಾರಕ್ಕೆ ಬರಿಯ ಟಿ ಸಾಕೋ, ಅದರ ಜೊತೆ ಎಚ್ ಬೇಕೋ ಎಂಬುದನ್ನು ಸರ್ಕಾರವೇ ತೀರ್ಮಾನಿಸಿಲ್ಲ. ಸಂತೆಮರಹಳ್ಳಿಯ ಹೆಸರನ್ನೇ ಒಂದು ಕಡೆ ಎಚ್ ಹಾಕಿಯೂ ಇನ್ನೊಂದು ಕಡೆ ಹಾಕದೆಯೂ ಬರೆಯುತ್ತಾರೆ. ಸಿದ್ದರಾಜು, ನಂಜುಂಡಸ್ವಾಮಿ, ಚಿಕ್ಕತಾಯಮ್ಮ ಎಂಬವರ ಇಂಗ್ಲಿಷ್ ರೂಪಗಳನ್ನು ಎಣಿಸಲು ಹೋಗದಿರುವುದೇ ಲೇಸು. ಕನ್ನಡದಲ್ಲಿ ಒಂದಕ್ಷರ ಕದಲದೆ ಇಂಗ್ಲಿಷಿನಲ್ಲಿ ಮಾತ್ರ ಹೆಸರು ಬದಲಾಗುವುದು ನಮ್ಮ ಕಾಲದ ವಿಶೇಷ. ಬಿ.ಎಸ್. ಯಡಿಯೂರಪ್ಪನವರು 2007ರಲ್ಲಿ ಬದಲಿಸಿಕೊಂಡಿದ್ದ ಇಂಗ್ಲಿಷ್ ಕಾಗುಣಿತವನ್ನು 2019ರ ಜುಲೈನಲ್ಲಿ ಮತ್ತೆ ಮುಖ್ಯಮಂತ್ರಿಯಾಗುವ ಹೊತ್ತಿಗೆ ಮೊದಲಿನಂತೆ ಮಾಡಿಕೊಂಡರು. ಅವರು ಬದಲಿಸಿದರೆ ಅದು ಸುದ್ದಿ. ಬೇರೆಯವರಿಗೆ ಅದೇ ಬದಲಾವಣೆ ಒಂದು ವಾರದ ಕೂಲಿ.

ಪತ್ರವಿಲ್ಲದೆ ಆದ ಬದಲಾವಣೆಗಳು

ಕವಿ ಜಿ.ಪಿ. ರಾಜರತ್ನಂ ಅವರ ಇನಿಷಿಯಲ್ಲಿನಲ್ಲಿರುವುದು ಗುಂಡ್ಲು ಪಂಡಿತ ಎಂಬ ವಂಶದ ಹೆಸರು. ಅವರಿಗೆ ಮೊದಲಿದ್ದ ಹೆಸರು ರಾಜಯ್ಯಂಗಾರ್. ಅದು ಹಿಡಿಸದೆ ಬಾಲಕ ಶಾಲೆಯ ಗುಮಾಸ್ತರನ್ನು ಕಾಡಿ ರಾಜರತ್ನಂ ಎಂದು ಬರೆಸಿಕೊಂಡ ಸಂಗತಿಯನ್ನು ಅವರ ಜೀವನ ಬರೆದವರು ಹೇಳುತ್ತಾರೆ. ಛಾಪಾ ಕಾಗದವಿಲ್ಲ, ಸಾಕ್ಷಿಯಿಲ್ಲ, ಗೆಜೆಟ್ಟಿಲ್ಲ. ಗುಮಾಸ್ತರ ಲೇಖನಿಯೇ ಎಲ್ಲ. ಎಂಡ್ಕುಡ್ಕ ರತ್ನನ ಪದಗಳ ಆ ‘ರತ್ನ’ ಬಂದದ್ದು ಆ ಲೇಖನಿಯಿಂದ. ಹಳೇ ಮೈಸೂರಿನಲ್ಲಿ 20ನೆಯ ಶತಮಾನದ ಉದ್ದಕ್ಕೂ ಹೆಸರು ಬದಲಾದದ್ದು ಬಹುಪಾಲು ಹೀಗೆಯೇ. ಅದರಲ್ಲಿ ಮೇಷ್ಟ್ರುಗಳ ಪಾತ್ರ ದೊಡ್ಡದು. ದಾಖಲಾತಿಗೆ ಬಂದ ಕರಿಯ, ಕುಳ್ಳ, ತಿಪ್ಪ ಎಂಬ ಹೆಸರಿನ ಮಗುವಿಗೆ ‘ಇದು ಬೇಡಪ್ಪಾ’ ಎಂದು ತಾವೇ ಇನ್ನೊಂದು ಹೆಸರು ಬರೆದು ಕಳಿಸಿದವರಿದ್ದಾರೆ. ಹುಟ್ಟಿದ ತಾರೀಕನ್ನೂ ಆಗಲೇ ಕೊಟ್ಟುಬಿಡುತ್ತಿದ್ದರು. ಮಗು ಉಳಿಯಲೆಂದು ತಿಪ್ಪೆಯ ಹೆಸರು ಇಟ್ಟ ತಾಯಿಗೆ ಮೇಷ್ಟ್ರ ತಿದ್ದುಪಡಿ ಒಪ್ಪಿಗೆಯೋ ಇಲ್ಲವೋ ಕೇಳಿದವರು ಯಾರು?

ಇನ್ನೊಂದು ದಾರಿ ಬಣ್ಣದ್ದು. ಚಾಮರಾಜನಗರದ ಗಡಿಗೆ ಅಂಟಿಕೊಂಡ, ಈಗ ತಮಿಳುನಾಡಿನ ತಾಳವಾಡಿ ಸೀಮೆಗೆ ಸೇರಿದ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನಿಗೆ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಕೊಟ್ಟ ಹೆಸರು ರಾಜ್‌ಕುಮಾರ್. ಮೈಸೂರಿನ ಸಂಪತ್‌ಕುಮಾರ್ 1972ರ ‘ನಾಗರಹಾವು’ ಹೊತ್ತಿಗೆ ಪುಟ್ಟಣ್ಣ ಕಣಗಾಲರಿಂದ ವಿಷ್ಣುವರ್ಧನ್ ಆದರು. ರಾಜ್‌ಕುಮಾರ್ ಮನೆಯಲ್ಲೇ 1975ರಲ್ಲಿ ಹುಟ್ಟಿದ ಲೋಹಿತ್ ಮುಂದೆ ಪುನೀತ್ ಆದರು. ಇಂಗ್ಲೆಂಡಿನ ಕಾಮನ್ ಲಾ ಹೇಳುವುದು ಇದನ್ನೇ ಅಲ್ಲವೆ: ಬಳಸುತ್ತ ಹೋದರೆ ಅದೇ ಹೆಸರು. ಗಾಜನೂರಿನವರು ಮಾತ್ರ ಮುತ್ತುರಾಜನನ್ನೂ ಬಿಟ್ಟುಕೊಡಲಿಲ್ಲ.

ಮಠಗಳ ದಾರಿ ಇವೆರಡಕ್ಕಿಂತ ಹಳೆಯದು. ದೀಕ್ಷೆ ಪಡೆದವರು ಪೂರ್ವಾಶ್ರಮದ ಹೆಸರನ್ನು ತ್ಯಜಿಸುತ್ತಾರೆ. ಡೀಡ್ ಪೋಲ್‌ನ ‘ಸಂಪೂರ್ಣ ತ್ಯಾಗ’ದ ಮಾತಿಗೆ ನಮ್ಮಲ್ಲಿ ಸರಿಸಾಟಿಯಾದದ್ದು ಇದೊಂದೇ. ಪಾಸ್‌ಪೋರ್ಟ್ ಕಚೇರಿ 2016ರ ಡಿಸೆಂಬರಿನಲ್ಲಿ ಇದಕ್ಕೆ ಸ್ವಲ್ಪ ಬಾಗಿತು. ಸಾಧುಸನ್ಯಾಸಿಗಳು ತಂದೆತಾಯಿಯ ಜಾಗದಲ್ಲಿ ಗುರುವಿನ ಹೆಸರು ಬರೆಯಬಹುದೆಂದು ನಿಯಮ ಸಡಿಲಿಸಿತು.

ಊರುಗಳ ಹೆಸರು

ಊರಿನ ಹೆಸರು ಬದಲಾವಣೆ ಡೀಡ್ ಪೋಲ್‌ನ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಈ ಜಿಲ್ಲೆಯ ಬಗ್ಗೆ ಬರೆಯುವಾಗ ಅದನ್ನು ಬಿಟ್ಟು ಹೋಗುವುದು ಕಷ್ಟ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಅಲ್ಲಿ ಎಂಬ ಕಾರಣದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ಅವರ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ಗುಡಿ ಕಟ್ಟಿಸಿದರು. ಗುಂಡ್ಲುಪೇಟೆ ಹಿಂದೆ ವಿಜಯಪುರ; ಅಲ್ಲಿಯ ವಿಜಯನಾರಾಯಣ ದೇವರು ಆ ಹೆಸರಿನ ನೆನಪನ್ನು ಇಂದಿಗೂ ಹೊತ್ತು ನಿಂತಿದ್ದಾನೆ.

ಅರಸರ ಕಾಲದ ದಾನಶಾಸನಗಳಲ್ಲಿ ಊರಿಗೆ ಹೊಸ ಹೆಸರು ಕೊಡುವ ಒಂದು ಸಿದ್ಧ ಒಕ್ಕಣೆ ಇದೆ. ಇಂಥ ಗ್ರಾಮಕ್ಕೆ ಇಂಥ ಪುರವೆಂಬ ಪ್ರತಿನಾಮಧೇಯವನ್ನು ಮಾಡಿ ಅಗ್ರಹಾರವಾಗಿ ಕೊಟ್ಟೆವು ಎಂದು ಬರೆಸುತ್ತಿದ್ದರು. ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಇದು ಮತ್ತೆಮತ್ತೆ ಕಾಣುತ್ತದೆ. ಪ್ರತಿನಾಮ ಎಂದರೆ ಬದಲಿ ಹೆಸರು. ಶಾಸನದಲ್ಲಿ ಹಳೆಯ ಹೆಸರನ್ನು ಮೊದಲು ಹೇಳಿಯೇ ಹೊಸದನ್ನು ಹೇಳುತ್ತಿದ್ದರು. ಅರಸನ ತಾಮ್ರಪಟಕ್ಕೂ ಪತ್ರಬರಹಗಾರನ ಉರುಫ್‌ಗೂ ನಡುವೆ ಒಂದು ಸ್ವಭಾವ ಹಾಗೆಯೇ ಉಳಿದು ಬಂದಿದೆ ಎನ್ನಬಹುದು. ಈಗಿನ ಪದ್ಧತಿಯಲ್ಲಿ ರಾಜ್ಯ ಸರ್ಕಾರ ಪ್ರಸ್ತಾವ ಕಳಿಸಿ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಪಡೆಯುತ್ತದೆ. 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಾದ 12 ನಗರಗಳ ಇಂಗ್ಲಿಷ್ ರೂಪ ಕನ್ನಡದ ಉಚ್ಚಾರಕ್ಕೆ ಬಂದದ್ದು ಹೀಗೆ. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕವಾದದ್ದು ಮಾತ್ರ, 1973ರ ನವೆಂಬರ್ 1ರಂದು, ಪಾರ್ಲಿಮೆಂಟಿನ ಕಾಯ್ದೆಯಿಂದ.

ಹೊರನಾಡಿನಲ್ಲಿ

ಹೊರದೇಶಕ್ಕೆ ಹೋದ ಹಳೇ ಮೈಸೂರಿನವರಿಗೆ ಡೀಡ್ ಪೋಲ್ ಎದುರಾಗುವುದು ಇನಿಷಿಯಲ್ಲಿನ ಮೂಲಕ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಬಿಟ್ಟವರ ಹೆಸರಿನ ಮುಂದೆ ಅಮೆರಿಕದ ವೀಸಾ ‘ಮೊದಲ ಹೆಸರು ತಿಳಿದಿಲ್ಲ’ ಎಂಬ ಅರ್ಥದ ಮೂರು ಅಕ್ಷರ ಹಾಕುತ್ತದೆ. ಆ ಮೂರಕ್ಷರವೇ ಡ್ರೈವಿಂಗ್ ಲೈಸೆನ್ಸಿನಲ್ಲೂ ಬ್ಯಾಂಕಿನಲ್ಲೂ ಹೆಸರಾಗಿ ಕೂತು ಬಿಡುವುದುಂಟು. ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳನ್ನು ಒಳಬಿಡುವುದಿಲ್ಲ ಎಂದಿತು. ಹೀಗಾಗಿ ತಂದೆಯ ಹೆಸರೋ ಹುಟ್ಟಿದ ಊರೋ ಕುಲನಾಮವಾಗಿ ಬೆಳೆಯುತ್ತಿದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನ ಕುಲನಾಮ ಊರು, ಇನ್ನೊಬ್ಬನದು ಅಪ್ಪ. ಬ್ರಿಟನ್ನಿನಲ್ಲಿ ನೆಲೆಸಿದವರು ಇದಕ್ಕೆ ಡೀಡ್ ಪೋಲ್ ಮಾಡಿಸಿದರೆ ಅಲ್ಲಿಗೆ ಮುಗಿಯಬೇಕು. ಆದರೆ ಭಾರತದ ಪಾಸ್‌ಪೋರ್ಟ್ ಇನ್ನೂ ಕೈಯಲ್ಲಿದ್ದರೆ ಎರಡು ದೇಶದ ಕಾಗದದಲ್ಲಿ ಎರಡು ಹೆಸರಾಗುತ್ತದೆ, ಮತ್ತೆ ಗೆಜೆಟ್ಟಿನ ದಾರಿ ಹಿಡಿಯಬೇಕಾಗುತ್ತದೆ.

ನ್ಯಾಯಾಲಯಗಳ ಮಾತು

ಹೆಸರು ಯಾರದು ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2021ರ ಜೂನ್ 3ರಂದು ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ತನ್ನ ಹೆಸರಿನ ಮೇಲೆ ವ್ಯಕ್ತಿಗೆ ಇರುವ ಹಿಡಿತ ಸಂವಿಧಾನ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಅದು ಹೇಳಿತು. ತಿದ್ದುಪಡಿ ಬೇರೆ, ಬದಲಾವಣೆ ಬೇರೆ ಎಂದು ವಿಂಗಡಿಸಿತು. ಶಾಲೆಯ ದಾಖಲೆಯಲ್ಲಿರುವುದಕ್ಕೆ ಸರಿಹೊಂದುವಂತೆ ತಿದ್ದುವುದು ಸುಲಭವಾಗಬೇಕು. ತಮ್ಮ ಇಚ್ಛೆಯಿಂದ ಹೊಸ ಹೆಸರು ತೆಗೆದುಕೊಂಡವರು ನ್ಯಾಯಾಲಯದ ಅನುಮತಿಯನ್ನೂ ಗೆಜೆಟ್ ಪ್ರಕಟಣೆಯನ್ನೂ ತರಬೇಕು, ಹೊಸ ಪ್ರಮಾಣಪತ್ರದಲ್ಲಿ ಹಳೆಯ ಹೆಸರೂ ಕಾಣಬೇಕು. ಇಲ್ಲಿಯೂ ಉರುಫ್ ಗೆದ್ದಿತು.

ಎರಡೂ ಹೆಸರು ಇರಲಿ ಎಂಬ ಈ ನಿಲುವು ಎಲ್ಲರಿಗೂ ಒಂದೇ ತೂಕದ್ದಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ನಾಲ್ಸಾ ತೀರ್ಪಿನ ನಂತರ ಬಂದ 2019ರ ಕಾಯ್ದೆಯಂತೆ ಅವರು ಜಿಲ್ಲಾಧಿಕಾರಿಯ ಪ್ರಮಾಣಪತ್ರ ಪಡೆದು ಜನನ ಪ್ರಮಾಣಪತ್ರದಲ್ಲಿ ಹೆಸರು ಬದಲಿಸಿಕೊಳ್ಳಬಹುದು. ಜನನ ನೋಂದಣಿಯವರು ತಮ್ಮ ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ ಎನ್ನುತ್ತಿದ್ದರು. ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ, ಕಾಯ್ದೆ ತಿದ್ದುಪಡಿಯಾಗುವ ತನಕ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ತೋರಿಸುವ ಪ್ರಮಾಣಪತ್ರ ಕೊಡಿ ಎಂದು ಆದೇಶಿಸಿತು. ಕಾಗದವೇ ಸಿಗದಿದ್ದವರಿಗೆ ಇದು ದೊಡ್ಡ ನೆರವು. ಆದರೂ ಮಾದಪ್ಪನಿಗೆ ನೆರಳಾಗುವ ಉರುಫ್, ಹಳೆಯ ಹೆಸರಿನಿಂದ ತಪ್ಪಿಸಿಕೊಂಡು ಬಂದವರನ್ನು ಬೆನ್ನಟ್ಟುತ್ತದೆ. ಹಳೆಯದನ್ನು ತ್ಯಜಿಸಿದ್ದೇನೆ ಎಂಬ ಇಂಗ್ಲಿಷ್ ಪತ್ರದ ಮಾತು ನಿಜಕ್ಕೂ ಬೇಕಾಗುವುದು ಇಂಥವರಿಗೆ.

ಮಕ್ಕಳ ಹೆಸರಿನ ವಿಷಯದಲ್ಲಿ ತೊಡಕು ಬೇರೆ ತೆರನದು. 1969ರ ಜನನ ಮರಣ ನೋಂದಣಿ ಕಾಯ್ದೆ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಲು ಬಿಡುತ್ತದೆ. ನಾಮಕರಣ ತಡವಾಗಿ ಮಾಡುವ ನಾಡಿಗೆ ಅದು ಬೇಕು. 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು, ಶುಲ್ಕ ಕೊಟ್ಟು 15 ವರ್ಷದವರೆಗೂ ಸೇರಿಸಬಹುದು. ತಪ್ಪಾಗಿ ಬರೆದದ್ದನ್ನು ತಿದ್ದಬಹುದು. ಸರಿಯಾಗಿಯೇ ಬರೆದ ಹೆಸರು ಆಮೇಲೆ ಬೇಡವೆನಿಸಿದರೆ ಏನು ಮಾಡಬೇಕೆಂಬುದಕ್ಕೆ ಮಾತ್ರ ಅದರಲ್ಲಿ ಒಂದು ಸಾಲೂ ಇಲ್ಲ. ಜಾತಕ ನೋಡಿಸಿ ಮಗುವಿನ ಹೆಸರು ಬದಲಿಸಿದ ತಂದೆತಾಯಿಯರ ಅರ್ಜಿಯೊಂದು ಕರ್ನಾಟಕ ಹೈಕೋರ್ಟಿನ ಮುಂದೆ ಬಂದಾಗ, 2025ರ ಆರಂಭದಲ್ಲಿ, ಏಕಸದಸ್ಯ ಪೀಠ ಶಾಸಕಾಂಗ ಈ ಕೊರತೆ ತುಂಬಬೇಕೆಂದಿತು. ರಾಜ್ಯದ ಕಾನೂನು ಆಯೋಗ 2013ರಲ್ಲೇ ಇಂಥ ತಿದ್ದುಪಡಿಯನ್ನು ಶಿಫಾರಸು ಮಾಡಿತ್ತು. ಅಲ್ಲಿಯವರೆಗೆ ಪಾಲಕರು ಪ್ರಮಾಣ ಮಾಡಿ ಕೇಳಿದರೆ ಹೊಸ ಹೆಸರನ್ನು ದಾಖಲಿಸಿ, ಹಳೆಯದನ್ನೂ ರಿಜಿಸ್ಟರಿನಲ್ಲಿ ಉಳಿಸಿಕೊಳ್ಳಿ ಎಂದು ಅಧಿಕಾರಿಗಳಿಗೆ ಸೂಚಿಸಿತು.

ಆಧಾರ್ ಪ್ರಾಧಿಕಾರ 2019ರಿಂದ ಹೆಸರಿನ ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ ಎಂದು ಮಿತಿ ಹಾಕಿದೆ. ಜನನ ಮರಣ ನೋಂದಣಿಯ 2023ರ ತಿದ್ದುಪಡಿ ಕಾಯ್ದೆಯಂತೆ ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ ಸೇರಲು, ಡ್ರೈವಿಂಗ್ ಲೈಸೆನ್ಸ್ ಪಡೆಯಲು ಹುಟ್ಟಿದ ತಾರೀಕು ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಶಾಲೆಯ ಗುಮಾಸ್ತರ ಕೈಯಲ್ಲಿದ್ದ ಅಧಿಕಾರ ಹೀಗೆ ಜನನ ನೋಂದಣಿಯ ರಿಜಿಸ್ಟರಿಗೆ ಹೋಗಿದೆ. ರಾಜಯ್ಯಂಗಾರ್ ಎಂಬ ಹುಡುಗ ಇಂದು ಶಾಲೆಗೆ ಬಂದು ಹೆಸರು ತಿದ್ದಿಕೊಡಿ ಎಂದರೆ ಗುಮಾಸ್ತರು ಅಪ್ಪನನ್ನು ಕರೆದುಕೊಂಡು ಬಾ, ಆಧಾರ್ ತಾ, ಗೆಜೆಟ್ ತಾ ಎನ್ನುತ್ತಾರೆ.